ವ್ಯಾನ್ಸ್ ಏರ್‌ಕ್ರಾಫ್ಟ್ ದಿವಾಳಿ ಅರ್ಜಿ ಹಾಕಿದ್ದೇಕೆ?

ಅಮೆರಿಕದ ಆರಿಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಮುಖ್ಯವಾಗಿ ಮಾರುವುದು ವಿಮಾನದ ಕಿಟ್‌ಗಳನ್ನು. ಕೊಂಡವರು ಮನೆಯ ಗ್ಯಾರೇಜಿನಲ್ಲೇ ರಿವೆಟ್ ಹೊಡೆದು ಜೋಡಿಸಿಕೊಳ್ಳುತ್ತಾರೆ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1970ರ ದಶಕದಲ್ಲಿ ಕಟ್ಟಿದ ಕಂಪನಿಯಿದು. ಇದರ ಕಿಟ್‌ಗಳಿಂದ ತಯಾರಾಗಿ ಹಾರಿದ ವಿಮಾನಗಳು 11,000ಕ್ಕೂ ಹೆಚ್ಚು.

ಕೋವಿಡ್ ಕಾಲದಲ್ಲಿ ಆರ್ಡರ್‌ಗಳು ಮುಗಿಬಿದ್ದವು. ಅವಸರಕ್ಕೆ ಅಲ್ಯೂಮಿನಿಯಂ ಹಾಳೆಗಳ ರಂಧ್ರಗಳನ್ನು ಪಂಚ್ ಬದಲು ಲೇಸರ್‌ನಿಂದ ಕೊರೆಸಲಾಯಿತು. ರಿವೆಟ್ ಕೂರಲೆಂದು ರಂಧ್ರದ ಅಂಚು ಒತ್ತಿದಾಗ ಕೆಲವೆಡೆ ಬಿರುಕು ಕಾಣಿಸಿತು, ಭಾಗಗಳನ್ನು ಬದಲಿಸಿಕೊಡಬೇಕಾಯಿತು. ಅರ್ಧ ಜೋಡಿಸಿದ ಕಿಟ್‌ಗಳಲ್ಲಿ ತುಕ್ಕಿನ ಕಾಟ ಬೇರೆ. ಹಡಗು ಸಾಗಣೆಯೂ ದುಬಾರಿಯಾಯಿತು. ಆದರೆ ದೊಡ್ಡ ಪೆಟ್ಟು ಬೆಲೆಯದು: ಹಳೆಯ ದರಕ್ಕೆ ಮುಂಗಡ ಪಡೆದ ಕಿಟ್‌ಗಳನ್ನು ನಷ್ಟದಲ್ಲೇ ಕೊಡಬೇಕಿತ್ತು.

2023ರ ಡಿಸೆಂಬರ್‌ನಲ್ಲಿ ಕಂಪನಿ ಅಮೆರಿಕದ ದಿವಾಳಿ ಕಾನೂನಿನ ಚಾಪ್ಟರ್ 11ರ ಅಡಿ ರಕ್ಷಣೆ ಕೋರಿತು. ಇದು ಬಾಗಿಲು ಮುಚ್ಚುವ ಅರ್ಜಿಯಲ್ಲ. ವ್ಯವಹಾರ ನಡೆಸುತ್ತಲೇ ಸಾಲ, ಒಪ್ಪಂದಗಳನ್ನು ಸರಿಪಡಿಸಿಕೊಳ್ಳಲು ಸಿಗುವ ಅವಕಾಶ. ಸಂಸ್ಥಾಪಕರೇ ಸಾಲ ಕೊಟ್ಟರು. ಮುಂಗಡ ಕೊಟ್ಟಿದ್ದ ಗ್ರಾಹಕರ ಮುಂದೆ ಏರಿಸಿದ ದರ ಇಡಲಾಯಿತು. ಸಿಟ್ಟಾದರೂ ಬಹಳಷ್ಟು ಜನ ಒಪ್ಪಿದರು.

2024ರಲ್ಲಿ ನ್ಯಾಯಾಲಯ ಪುನರ್‌ರಚನೆ ಯೋಜನೆಗೆ ಒಪ್ಪಿಗೆ ನೀಡಿತು. ಕಂಪನಿ ಉಳಿಯಿತು. ಇನ್ನು ಮುಂದಿನದು ಹೊಸ ದರಕ್ಕೂ ಗ್ರಾಹಕರು ಬರುತ್ತಾರೆಯೇ, ಕಂಪನಿಯ ಹೊಸ ಮೇಲ್‌ರೆಕ್ಕೆಯ ವಿಮಾನ ಆರ್‌ವಿ-15 ಮಾರುಕಟ್ಟೆಯಲ್ಲಿ ಗೆಲ್ಲುತ್ತದೆಯೇ ಎಂಬುದರ ಮೇಲೆ ನಿಂತಿದೆ.