ಆಟವನ್ನು ಯಂತ್ರದಿಂದ ಬಿಡಿಸಿದವರು

1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಆಲ್ಪೆಕ್ಸ್ ಎಂಬ ಸಣ್ಣ ಕಂಪನಿಯಿತ್ತು. ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಜಾಗಕ್ಕೆ ಬರುವ ಎಲೆಕ್ಟ್ರಾನಿಕ್ ಬಿಲ್ಲಿಂಗ್ ಯಂತ್ರ ಮಾಡುವುದು ಅದರ ಕಸುಬು. ಐಬಿಎಂ, ಎನ್‌ಸಿಆರ್‌ನಂಥ ದೈತ್ಯರ ಎದುರು ಆಲ್ಪೆಕ್ಸ್ ನಿಲ್ಲಲಾರದೆ ಹೋಯಿತು. ಆ ಸೋಲಿನ ನಂತರ ಅಲ್ಲಿನ ಇಬ್ಬರು ಎಂಜಿನಿಯರುಗಳು ಬೇರೆ ದಾರಿ ಹುಡುಕತೊಡಗಿದರು. ಹಾರ್ಡ್‌ವೇರ್ ಬಲ್ಲ ವ್ಯಾಲೇಸ್ ಕಿರ್ಶ್ನರ್ ಒಬ್ಬರು, ಪ್ರೋಗ್ರಾಂ ಬರೆಯುವ ಲಾರೆನ್ಸ್ ಹ್ಯಾಸ್ಕಲ್ ಇನ್ನೊಬ್ಬರು. ಹಳೆಯ ವಿಡಿಯೊ ಗೇಮ್ ಸಂಗ್ರಹಿಸುವವರ ಕಪಾಟಿನಲ್ಲಿ ಇಂದು ಸಾಲುಗಟ್ಟಿ ನಿಂತಿರುವ, ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿಗಳಾದ ಕಾರ್ಟ್ರಿಜ್‌ಗಳ ಬೇರು ಈ ಇಬ್ಬರ ಮೇಜಿನ ಮೇಲಿದೆ.

ಆಗಿನ ಸ್ಥಿತಿ ಹೇಗಿತ್ತೆಂದು ತಿಳಿಯದೆ ಅವರು ಮಾಡಿದ್ದರ ಬೆಲೆ ಗೊತ್ತಾಗುವುದಿಲ್ಲ. ಮನೆಯ ಟಿವಿಯಲ್ಲಿ ಆಡುವ ಮೊದಲ ಯಂತ್ರ ಮ್ಯಾಗ್ನಾವಾಕ್ಸ್ ಒಡಿಸ್ಸಿ 1972ರಲ್ಲಿ ಬಂದಿತ್ತು. ಅದಕ್ಕೆ ಸಿಕ್ಕಿಸುವ ಕಾರ್ಡುಗಳಿದ್ದವು ನಿಜ, ಆದರೆ ಅವುಗಳೊಳಗೆ ಆಟ ಇರಲಿಲ್ಲ. ಯಂತ್ರದಲ್ಲಿ ಮೊದಲೇ ಇದ್ದ ಸರ್ಕ್ಯೂಟುಗಳನ್ನು ಬೇರೆ ಬೇರೆ ರೀತಿ ಜೋಡಿಸುವ ತಂತಿದಾರಿಗಳಷ್ಟೇ ಇದ್ದವು. 1975ರ ಕ್ರಿಸ್‌ಮಸ್‌ಗೆ ಅಟಾರಿಯ ಪಾಂಗ್ ಮನೆಗಳಿಗೆ ಬಂತು. ಅದರಲ್ಲಿದ್ದುದು ಪಾಂಗ್ ಮಾತ್ರ. ಬೇಸರವಾದರೆ ಯಂತ್ರವನ್ನೇ ಪಕ್ಕಕ್ಕಿಟ್ಟು ಇನ್ನೊಂದು ಕೊಳ್ಳಬೇಕಿತ್ತು. ಆಟ ಎಂದರೆ ಅಂದು ಬೆಸುಗೆ ಹಾಕಿದ ಸರ್ಕ್ಯೂಟು.

ಕಿರ್ಶ್ನರ್ ಮತ್ತು ಹ್ಯಾಸ್ಕಲ್ ಹಿಡಿದ ದಾರಿ ಬೇರೆ. ಇಂಟೆಲ್‌ನ 8080 ಮೈಕ್ರೊಪ್ರೊಸೆಸರ್ ಆಗಷ್ಟೇ ಮಾರುಕಟ್ಟೆಗೆ ಬಂದಿತ್ತು. ಪ್ರೊಸೆಸರ್ ಇದ್ದ ಮೇಲೆ ಆಟವನ್ನು ತಂತಿಯಲ್ಲಿ ಹೆಣೆಯಬೇಕಿಲ್ಲ, ಪ್ರೋಗ್ರಾಂ ಆಗಿ ಬರೆಯಬಹುದು. ಬರೆದದ್ದನ್ನು ಮೆಮೊರಿ ಚಿಪ್‌ನಲ್ಲಿಟ್ಟರೆ ಚಿಪ್ ಬದಲಿಸಿ ಆಟ ಬದಲಿಸಬಹುದು. ಆದರೆ ಚಿಪ್‌ನ ಕಾಲುಗಳು ಬಹಳ ನಾಜೂಕು, ನಾಲ್ಕು ಸಲ ಕಿತ್ತು ಹಾಕಿದರೆ ಬಾಗುತ್ತವೆ, ಮುರಿಯುತ್ತವೆ. ಹಾಗಾಗಿ ಚಿಪ್ಪುಗಳನ್ನು ಒಂದು ಚಿಕ್ಕ ಬೋರ್ಡಿನ ಮೇಲೆ ಕೂರಿಸಿ, ಆ ಬೋರ್ಡನ್ನೇ ಕನೆಕ್ಟರ್‌ಗೆ ಸಿಕ್ಕಿಸುವ, ಕೀಳುವ ವ್ಯವಸ್ಥೆ ಮಾಡಿದರು. ಹ್ಯಾಸ್ಕಲ್ ಬರೆದ ಆಟಗಳಲ್ಲಿ ಹಾಕಿಯೂ ಒಂದು. ಯಂತ್ರಕ್ಕೆ ರೇವನ್ ಎಂದು ಹೆಸರಿಟ್ಟು ದೊಡ್ಡ ಟಿವಿ ಕಂಪನಿಗಳ ಬಾಗಿಲು ತಟ್ಟಿದರು. ಯಾರೂ ಕೊಳ್ಳಲಿಲ್ಲ.

ಕೊನೆಗೆ ಒಪ್ಪಿದ್ದು ಕ್ಯಾಲಿಫೋರ್ನಿಯದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್. ರೇವನ್ನನ್ನು ಪರೀಕ್ಷಿಸಲು ಆ ಕಂಪನಿ ಕಳಿಸಿದವರಲ್ಲಿ ಜೆರ‍್ರಿ ಲಾಸನ್ ಇದ್ದರು. ಈ ಮನುಷ್ಯನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಲಾಸನ್ ಹುಟ್ಟಿದ್ದು 1940ರ ಡಿಸೆಂಬರ್ 1ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಒಂದು ಕಪ್ಪು ಕುಟುಂಬದಲ್ಲಿ. ತಂದೆ ಹಡಗುಕಟ್ಟೆಯಲ್ಲಿ ಸರಕು ಇಳಿಸುವ ಕೆಲಸಗಾರ, ಆದರೂ ವಿಜ್ಞಾನದ ಪುಸ್ತಕಗಳ ಹುಚ್ಚು. ಒಂದನೇ ತರಗತಿಯಲ್ಲಿ ಹುಡುಗನ ಮೇಜಿನ ಪಕ್ಕದ ಗೋಡೆಯ ಮೇಲೆ ಕಪ್ಪು ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಚಿತ್ರವಿತ್ತು, ನೀನೂ ಹೀಗಾಗಬಹುದು ಎಂದು ಶಿಕ್ಷಕಿ ಹೇಳಿದ್ದರು. ಹದಿಹರೆಯದಲ್ಲೇ ಹ್ಯಾಮ್ ರೇಡಿಯೊ ಕಟ್ಟಿ, ಮನೆಮನೆಗೆ ಹೋಗಿ ಟಿವಿ ರಿಪೇರಿ ಮಾಡಿ ಕೈಪಳಗಿಸಿಕೊಂಡರು. 1970ರಲ್ಲಿ ಫೇರ್‌ಚೈಲ್ಡ್ ಸೇರಿದರು. ಕೆಲಸದ ಹೊತ್ತಿನ ಆಚೆಗೆ, ತಮ್ಮ ಗ್ಯಾರೇಜಿನಲ್ಲಿ, ಫೇರ್‌ಚೈಲ್ಡ್‌ನ ಎಫ್8 ಪ್ರೊಸೆಸರ್ ಬಳಸಿ ಡೆಮಾಲಿಷನ್ ಡರ್ಬಿ ಎಂಬ ಕಾಸು ಹಾಕಿ ಆಡುವ ಆಟದ ಯಂತ್ರ ಮಾಡಿದ್ದರು. ಸಂಗತಿ ಕಂಪನಿಗೆ ತಿಳಿಯಿತು. ಇದನ್ನೇ ನಮಗೂ ಮಾಡಿಕೊಡು ಎಂಬ ಕೆಲಸ ಅವರ ಪಾಲಿಗೆ ಬಂತು.

ಇಲ್ಲಿಂದ ಶುರುವಾಗುವುದು ನನ್ನ ಮಟ್ಟಿಗೆ ಈ ಕತೆಯ ಅತ್ಯಂತ ಕಷ್ಟದ, ಅತ್ಯಂತ ಸೊಗಸಿನ ಭಾಗ. ಪ್ರಯೋಗಾಲಯದಲ್ಲಿ ಎಂಜಿನಿಯರನೊಬ್ಬ ಎಚ್ಚರಿಕೆಯಿಂದ ಬೋರ್ಡು ಬದಲಿಸುವುದು ಬೇರೆ, ಆರು ವರ್ಷದ ಮಗು ಕಾರ್ಪೆಟ್ ಮೇಲೆ ಕೂತು ದಿನಕ್ಕೆ ಹತ್ತಾರು ಸಲ ಅದನ್ನು ತುರುಕಿ ಕೀಳುವುದು ಬೇರೆ. ಅಲ್ಲಿಯವರೆಗೆ ಸಾಮಾನ್ಯ ಗ್ರಾಹಕರ ಕೈಗೆ ಬರಿಯ ಮೆಮೊರಿ ಚಿಪ್ಪನ್ನು ಹೀಗೆ ಯಾರೂ ಕೊಟ್ಟಿರಲಿಲ್ಲ. ಎಷ್ಟು ಸಲ ಸಿಕ್ಕಿಸಿದರೆ ಸಂಪರ್ಕದ ಹಲ್ಲುಗಳು ಸವೆಯುತ್ತವೆ? ಕಾರ್ಪೆಟ್ ಮೇಲೆ ನಡೆದುಬಂದ ಮೈಯ ಸ್ಥಿರ ವಿದ್ಯುತ್ತು ಬೆರಳ ತುದಿಯಿಂದ ಹಾರಿ ಚಿಪ್ಪನ್ನು ಸುಟ್ಟರೆ? ನೋಡಿ ಕಲಿಯಲು ಯಾವ ಹಿಂದಿನ ಲೆಕ್ಕವೂ ಇರಲಿಲ್ಲ.

ಮೆಕ್ಯಾನಿಕಲ್ ಎಂಜಿನಿಯರ್ ರಾನ್ ಸ್ಮಿತ್ ಸಿಕ್ಕಿಸುವ ಯಾಂತ್ರಿಕತೆಯನ್ನು ರೂಪಿಸಿದರು. ವಿನ್ಯಾಸಕಾರ ನಿಕ್ ಟೇಲ್ಸ್‌ಫೋರ್ ಕಾರ್ಟ್ರಿಜ್‌ಗೆ ಹೊರಮೈ ಕೊಟ್ಟರು. ಆ ಕಾಲದ ಕಾರುಗಳಲ್ಲಿ ಹಾಡು ಕೇಳಲು ಬಳಸುತ್ತಿದ್ದ 8-ಟ್ರ್ಯಾಕ್ ಟೇಪಿನ ಆಕಾರ, ಕಣ್ಣಿಗೆ ಹೊಡೆಯುವ ಹಳದಿ ಬಣ್ಣ. ಕೈ ತಾಗದಂತೆ ಸಂಪರ್ಕದ ಭಾಗವನ್ನು ಮುಚ್ಚುವ ಒಂದು ಪುಟ್ಟ ಬಾಗಿಲು, ಸ್ಲಾಟಿನೊಳಗೆ ಹೋದಾಗ ಮಾತ್ರ ತೆರೆಯುವಂಥದ್ದು. ಲಾಸನ್ ಇಂಟೆಲ್ ಚಿಪ್ಪಿನ ಜಾಗದಲ್ಲಿ ಎಫ್8 ತಂದರು, ಎಂಟು ದಿಕ್ಕಿಗೂ ವಾಲುವ ಹಿಡಿಕೆಯ ಕಲ್ಪನೆ ಕೊಟ್ಟರು. ತಿರುಚಬಹುದಾದ, ಮೇಲೆಳೆಯಬಹುದಾದ, ಒತ್ತಬಹುದಾದ ಆ ಹಿಡಿಕೆ ಕೈಗೆ ಸಿಕ್ಕರೆ ಇಂದಿಗೂ ಬೆರಗಾಗುತ್ತದೆ.

ಇನ್ನೊಂದು ತೊಡಕು ಸರ್ಕಾರದ್ದು. ಟಿವಿಗೆ ಜೋಡಿಸುವ ಯಾವ ಉಪಕರಣವೂ ಪಕ್ಕದ ಮನೆಯ ಟಿವಿಯ ಚಿತ್ರ ಕೆಡಿಸಬಾರದೆಂಬುದು ಅಮೆರಿಕದ ಸಂಪರ್ಕ ಆಯೋಗದ ಕಟ್ಟುನಿಟ್ಟು. ಪ್ರೊಸೆಸರ್ ಇದ್ದ ಯಂತ್ರದಿಂದ ರೇಡಿಯೊ ತರಂಗ ಸೋರುತ್ತದೆ, ಕಾರ್ಟ್ರಿಜ್ ಸಿಕ್ಕಿಸಲು ಬಿಟ್ಟ ಬಾಯಿಯಿಂದ ಇನ್ನಷ್ಟು. ಮುಖ್ಯ ಬೋರ್ಡನ್ನು ಅಲ್ಯುಮಿನಿಯಂ ಪೆಟ್ಟಿಗೆಯಲ್ಲಿ ಮುಚ್ಚಿದರು, ಸ್ಲಾಟಿಗೂ ಲೋಹದ ಕವಚ ತೊಡಿಸಿದರು. ಹೊಸ ಕಾರ್ಟ್ರಿಜ್ ಮಾಡಿದಾಗಲೆಲ್ಲ ಆಯೋಗಕ್ಕೆ ತೋರಿಸಬೇಕಿತ್ತು.

1976ರ ನವೆಂಬರಿನಲ್ಲಿ ಯಂತ್ರ ಅಂಗಡಿಗೆ ಬಂತು. ಬೆಲೆ 169.95 ಡಾಲರ್. ಮುಂದೆ ಅದಕ್ಕೆ ಚಾನೆಲ್ ಎಫ್ ಎಂಬ ಹೆಸರು ನಿಂತಿತು. ಹಾಕಿ, ಟೆನಿಸ್ ಯಂತ್ರದಲ್ಲೇ ಇದ್ದವು. ಉಳಿದವು ವಿಡಿಯೊಕಾರ್ಟ್ ಎಂಬ ಹಳದಿ ಡಬ್ಬಿಗಳಲ್ಲಿ, ಒಂದೊಂದಕ್ಕೆ 19.95 ಡಾಲರ್. ಆಟವನ್ನು ಅರ್ಧಕ್ಕೆ ತಡೆದು ನಿಲ್ಲಿಸುವ ಹೋಲ್ಡ್ ಗುಂಡಿಯೂ ಇತ್ತು. ವಿಡಿಯೊಕಾರ್ಟ್‌ಗಳಿಗೆ 1ರಿಂದ 26ರವರೆಗೆ ಸಂಖ್ಯೆ ಕೊಟ್ಟಿದ್ದರು. ಸಂಗ್ರಾಹಕನಿಗೆ ಇದಕ್ಕಿಂತ ದೊಡ್ಡ ಆಸೆ ಇನ್ನೇನು ಬೇಕು? ಕಪಾಟಿನಲ್ಲಿ 20ರ ಪಕ್ಕ 22 ನಿಂತಿದ್ದರೆ 21 ಸಿಗುವವರೆಗೆ ನಿದ್ದೆ ಬರುವುದಿಲ್ಲ.

ವ್ಯಾಪಾರದಲ್ಲಿ ಗೆದ್ದವರು ಬೇರೆಯವರು. 1977ರ ಸೆಪ್ಟೆಂಬರಿನಲ್ಲಿ ಬಂದ ಅಟಾರಿ ವಿಸಿಎಸ್, ಅಂದರೆ ಮುಂದೆ 2600 ಎನಿಸಿಕೊಂಡ ಯಂತ್ರ, ಚಾನೆಲ್ ಎಫ್ ಅನ್ನು ಮರೆಸಿಬಿಟ್ಟಿತು. 1979ರಲ್ಲಿ ಫೇರ್‌ಚೈಲ್ಡ್ ಈ ವ್ಯವಹಾರವನ್ನು ಜಿರ್ಕಾನ್ ಕಂಪನಿಗೆ ಮಾರಿತು. ಆದರೆ ಆಟ ಯಂತ್ರದಿಂದ ಬೇರ್ಪಟ್ಟಾಗಿತ್ತು. ಯಂತ್ರ ಮಾಡದವರೂ ಆಟ ಮಾಡಬಹುದೆಂದು ಅದೇ 1979ರಲ್ಲಿ ಅಟಾರಿ ಬಿಟ್ಟುಬಂದವರು ಆಕ್ಟಿವಿಷನ್ ಕಟ್ಟಿದರು. ಆಟವನ್ನು ಕೊಳ್ಳುವುದು, ಬದಲಾಯಿಸಿಕೊಳ್ಳುವುದು, ಎರವಲು ತರುವುದು, ಕೂಡಿಡುವುದು ಎಲ್ಲ ಆ ಹಳದಿ ಡಬ್ಬಿಯ ನಂತರದ ಮಾತು.

ಮಾಡಿದವರ ಹೆಸರು ಮಾತ್ರ ಬಹುಕಾಲ ಮಸುಕಾಗಿತ್ತು. ಅದನ್ನು ಬೆಳಕಿಗೆ ತಂದವರಲ್ಲಿ ಹಳೆಯ ಯಂತ್ರಗಳನ್ನು ಪ್ರೀತಿಯಿಂದ ಕೆದಕುವವರೇ ಮುಖ್ಯರು. ಅಂಥವರಲ್ಲಿ ಒಬ್ಬರಾದ ಬೆಂಜ್ ಎಡ್ವರ್ಡ್ಸ್ 2009ರಲ್ಲಿ ಲಾಸನ್ ಅವರನ್ನು ದೀರ್ಘವಾಗಿ ಸಂದರ್ಶಿಸಿದರು. 2011ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಗೇಮ್ ಅಭಿವರ್ಧಕರ ಸಂಘ ಅವರನ್ನು ಗೌರವಿಸಿತು. ಏಪ್ರಿಲ್ 9ರಂದು ಲಾಸನ್ ತೀರಿಕೊಂಡರು. ಕಿರ್ಶ್ನರ್, ಹ್ಯಾಸ್ಕಲ್ ಅವರ ಪಾತ್ರವನ್ನು ಎಡ್ವರ್ಡ್ಸ್ ವಿವರವಾಗಿ ಬರೆದದ್ದು 2015ರಲ್ಲಿ. ಲಾಸನ್ ಒಬ್ಬರೇ ಕಾರ್ಟ್ರಿಜ್ ಕಂಡುಹಿಡಿದರೆಂದು ಈಗಲೂ ಬರೆಯುತ್ತಾರೆ. ಅದು ಸರಿಯಲ್ಲ, ಲಾಸನ್ ಅವರಿಗೆ ಆ ಉತ್ಪ್ರೇಕ್ಷೆಯ ಅಗತ್ಯವೂ ಇಲ್ಲ. ಕಲ್ಪನೆ ಆಲ್ಪೆಕ್ಸ್‌ನ ಇಬ್ಬರದು. ಅದನ್ನು ಮಗುವಿನ ಕೈಗೆ ಕೊಡಬಹುದಾದ ವಸ್ತುವಾಗಿ ಮಾಡಿದ್ದು ಲಾಸನ್ ಮುಂದಾಳಾಗಿದ್ದ ತಂಡ. ಎರಡನೆಯ ಕೆಲಸ ಮೊದಲನೆಯದಕ್ಕಿಂತ ಒಂದು ಗುಂಜಿಯೂ ಕಡಿಮೆ ತೂಕದ್ದಲ್ಲ.

ನಮ್ಮ ಊರುಗಳಿಗೆ ಈ ಸರಣಿಯ ಕೊನೆಯ ಕೊಂಡಿ ಬಂದದ್ದು 1990ರ ದಶಕದಲ್ಲಿ, ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಯಂತ್ರದ ನಕಲುಗಳ ರೂಪದಲ್ಲಿ. ನಾವು ಕ್ಯಾಸೆಟ್ ಎನ್ನುತ್ತಿದ್ದ ಆ ಡಬ್ಬಿಗಳು ನಿಮ್ಮ ಮನೆಯ ಅಟ್ಟದಲ್ಲಿ ಇನ್ನೂ ಇರಬಹುದು. ಗುಜರಿಗೆ ಹಾಕಬೇಡಿ. ಬಾಯಿಂದ ಊದಲೂ ಬೇಡಿ, ಉಸಿರಿನ ತೇವ ಲೋಹದ ಹಲ್ಲುಗಳನ್ನು ತಿನ್ನುತ್ತದೆ, ನಿಂಟೆಂಡೊ ಕೂಡ ಹಾಗೆ ಮಾಡಬಾರದೆಂದೇ ಹೇಳಿತ್ತು. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹಲ್ಲುಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಸಿಕ್ಕಿಸಿ ನೋಡಿ. ಬಹಳಷ್ಟು ಹಳೆಯ ಕ್ಯಾಸೆಟ್‌ಗಳು ಅಷ್ಟರಿಂದಲೇ ಮತ್ತೆ ಆಡುತ್ತವೆ.