ಮನೆಯ ಹಳೆಯ ದೊಡ್ಡ ಗಾಡಿ ಬದಲಿಸುವಾಗ: ಎಣಿಸಬೇಕಾದದ್ದು ಸೀಟನ್ನಲ್ಲ, ಭಾರವನ್ನು

ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಕುಟುಂಬ ಒಂದೇ ವಾಹನದಲ್ಲಿ ಧರ್ಮಸ್ಥಳಕ್ಕೋ ಮದುವೆ ಮನೆಗೋ ಹೊರಡಬಹುದು ಎಂಬ ಅನುಕೂಲ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ದೊರೆತದ್ದು ಟಾಟಾ ಸುಮೋ ಮತ್ತು ಟೊಯೋಟಾ ಕ್ವಾಲಿಸ್‌ಗಳ ಕಾಲದಲ್ಲಿ. ಸುಮೋ 1994ರಲ್ಲಿ ಬಂದಿತು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಕ್ವಾಲಿಸ್ 2000ದಲ್ಲಿ ರಸ್ತೆಗಿಳಿಯಿತು. 2002ರಲ್ಲಿ ಮಹೀಂದ್ರಾ ಸ್ಕಾರ್ಪಿಯೋ, 2005ರಲ್ಲಿ ಕ್ವಾಲಿಸ್‌ನ ಉತ್ತರಾಧಿಕಾರಿಯಾಗಿ ಇನ್ನೋವಾ ಬಂದವು. ಇಂತಹ ಗಾಡಿಗಳು ಇಂದಿಗೂ ಅನೇಕ ಮನೆಗಳ ಅಂಗಳದಲ್ಲಿವೆ. ಎಂಜಿನ್ ಇನ್ನೂ ಗಟ್ಟಿಯಾಗಿಯೇ ಇರುತ್ತದೆ; ಆದರೆ ನೋಂದಣಿಯ ಅವಧಿ ಮುಗಿದಿರುತ್ತದೆ, ಬಿಡಿಭಾಗ ಸಿಗುವುದು ಕಷ್ಟವಾಗಿರುತ್ತದೆ, ತಳದಲ್ಲಿ ತುಕ್ಕು ಕಾಣಿಸಿಕೊಂಡಿರುತ್ತದೆ.

ಇದನ್ನು ಬದಲಿಸಬೇಕೆ? ಬದಲಿಸುವುದಾದರೆ ಯಾವುದರಿಂದ? ಈ ಪ್ರಶ್ನೆ ಎದುರಾದಾಗ ಹೆಚ್ಚಿನವರು ಮೊದಲು ನೋಡುವುದು ಹೊಸ ವಾಹನದ ಸೀಟುಗಳ ಸಂಖ್ಯೆಯನ್ನು, ಅನಂತರ ಮೈಲೇಜನ್ನು. ಇವೆರಡಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಅದು ವಾಹನ ಸುರಕ್ಷಿತವಾಗಿ ಹೊರಬಲ್ಲ ಭಾರದ ಲೆಕ್ಕ.

ಹದಿನೈದು ವರ್ಷದ ಗಡಿ

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ದೂರವಾಗಬೇಕು. ಹದಿನೈದು ವರ್ಷ ತುಂಬಿದೊಡನೆ ಖಾಸಗಿ ವಾಹನವನ್ನು ಗುಜರಿಗೆ ಹಾಕಲೇಬೇಕೆಂಬ ನಿಯಮ ಕರ್ನಾಟಕದಲ್ಲಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಹಾಗೂ ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳ ಸಂಚಾರದ ಮೇಲೆ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ನಿರ್ಬಂಧ ದೆಹಲಿ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು.

ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷಗಳ ಕಾಲ ಊರ್ಜಿತವಾಗಿರುತ್ತದೆ. ಆ ಬಳಿಕ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಒಡ್ಡಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಆದರೆ ಈ ದಾರಿ ಈಗ ದುಬಾರಿ. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನ ಅಧಿಸೂಚನೆಯು ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಇದನ್ನು 10,000 ರೂಪಾಯಿಗೆ ಏರಿಸಿತು. ತೆರಿಗೆ ಮತ್ತು ದುರಸ್ತಿಯ ವೆಚ್ಚ ಇದಕ್ಕೆ ಹೊರತು.

ಇಂಧನದ ಉಳಿತಾಯ ಎಷ್ಟು?

‘ಹೊಸ ಗಾಡಿ ಕೊಂಡರೆ ಡೀಸೆಲ್ ದುಡ್ಡು ಉಳಿಯುತ್ತದೆ’ ಎಂಬ ವಾದ ಸಾಮಾನ್ಯವಾಗಿ ಕೇಳಿಬರುತ್ತದೆ. ಉದಾಹರಣೆಗೆ, ವರ್ಷಕ್ಕೆ 10,000 ಕಿ.ಮೀ. ಓಡುವ ಹಳೆಯ ಗಾಡಿ ಲೀಟರಿಗೆ 10 ಕಿ.ಮೀ. ಕೊಡುತ್ತದೆ, ಹೊಸದು 16 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಮೊದಲನೆಯದಕ್ಕೆ 1,000 ಲೀಟರ್, ಎರಡನೆಯದಕ್ಕೆ 625 ಲೀಟರ್ ಬೇಕು. ಲೀಟರಿಗೆ 90 ರೂಪಾಯಿಯಂತೆ ಉಳಿತಾಯ ವರ್ಷಕ್ಕೆ 33,750 ರೂಪಾಯಿ. ಅದೇ ಹೊಸ ಗಾಡಿಗಾಗಿ 20 ಲಕ್ಷ ರೂಪಾಯಿ ಸಾಲ ಮಾಡಿದರೆ, ಶೇ 9ರ ದರದಲ್ಲಿ ಮೊದಲ ವರ್ಷದ ಬಡ್ಡಿಯೇ ಸುಮಾರು 1.8 ಲಕ್ಷ ರೂಪಾಯಿ.

ಅಂದರೆ ಇಂಧನದ ಉಳಿತಾಯಕ್ಕಾಗಿಯೇ ದೊಡ್ಡ ಗಾಡಿ ಬದಲಿಸುವುದು ಲಾಭದ ವ್ಯವಹಾರವಲ್ಲ. ಬದಲಿಸಲು ನಿಜವಾದ ಕಾರಣ ಬೇರೆಯೇ ಇದೆ.

ಅಡ್ಡ ಸೀಟಿನ ಮಕ್ಕಳು

ಆ ಕಾರಣ ಸುರಕ್ಷತೆ. ಹಳೆಯ ಬಹುತೇಕ ದೊಡ್ಡ ಗಾಡಿಗಳಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರಲ್ಲಿ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೂ ಅದೇ ವರ್ಷ. ಇವುಗಳನ್ನು ಹಳೆಯ ಗಾಡಿಗೆ ಮೆಕ್ಯಾನಿಕ್ ಬಳಿ ಜೋಡಿಸಿಕೊಳ್ಳಲು ಬರುವುದಿಲ್ಲ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಈ ಕೊರತೆ ತುಂಬುವಂಥದ್ದಲ್ಲ.

ಇದಕ್ಕಿಂತ ಗಂಭೀರವಾದದ್ದು ಹಿಂಭಾಗದ ಎದುರುಬದುರು ಅಡ್ಡ ಸೀಟು. ಸಾಮಾನ್ಯವಾಗಿ ಮಕ್ಕಳನ್ನು ಕೂರಿಸುವುದು ಅಲ್ಲಿಯೇ. ವಾಹನ ಮುಂದಕ್ಕೆ ಡಿಕ್ಕಿ ಹೊಡೆದಾಗ ಅಲ್ಲಿ ಕುಳಿತವರ ದೇಹ ಪಕ್ಕಕ್ಕೆ ಎಸೆಯಲ್ಪಡುತ್ತದೆ. ತಡೆಯಲು ಭುಜದ ಮೇಲಿನ ಬೆಲ್ಟ್ ಇರುವುದಿಲ್ಲ. ಹಿಂದಿನಿಂದ ಲಾರಿ ಗುದ್ದಿದರೆ ಮೊದಲ ಪೆಟ್ಟು ಬೀಳುವುದೂ ಅವರಿಗೇ. 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯ 194ಬಿ ಕಲಂ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಆಸನದಿಂದ ಭದ್ರಪಡಿಸದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. ದಂಡಕ್ಕಿಂತ ದೊಡ್ಡದು ಜೀವದ ಮಾತು.

ಹೊಸ ಪೀಳಿಗೆಯ ವಾಹನಗಳಲ್ಲಿ ಎಷ್ಟು ಬದಲಾವಣೆಯಾಗಿದೆ ಎಂಬುದಕ್ಕೆ ಒಂದೇ ಹೆಸರಿನ ಎರಡು ಗಾಡಿಗಳು ಸಾಕ್ಷಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2016ರಲ್ಲಿ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋವನ್ನು ಡಿಕ್ಕಿ ಪರೀಕ್ಷೆಗೆ ಒಡ್ಡಿದಾಗ ವಯಸ್ಕರ ರಕ್ಷಣೆಯಲ್ಲಿ ಅದಕ್ಕೆ ಒಂದು ನಕ್ಷತ್ರವೂ ಸಿಗಲಿಲ್ಲ. 2022ರಲ್ಲಿ ಸ್ಕಾರ್ಪಿಯೋ-ಎನ್ ಐದು ನಕ್ಷತ್ರ ಪಡೆಯಿತು. ಆದರೆ ಮಕ್ಕಳ ರಕ್ಷಣೆಯಲ್ಲಿ ಅದಕ್ಕೆ ಸಿಕ್ಕಿದ್ದು ಮೂರು ನಕ್ಷತ್ರ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಕೂಡ ಈ ಎರಡು ಅಂಕಗಳನ್ನು ಪ್ರತ್ಯೇಕವಾಗಿ ಕೊಡುತ್ತದೆ. ಜಾಹೀರಾತಿನಲ್ಲಿ ಕಾಣುವ ಐದು ನಕ್ಷತ್ರ ಯಾರದು ಎಂದು ಕೇಳಿ ತಿಳಿದುಕೊಳ್ಳಬೇಕು.

ಭಾರದ ಲೆಕ್ಕ ಹೀಗೆ

ಪ್ರತಿಯೊಂದು ವಾಹನಕ್ಕೂ ಎರಡು ತೂಕಗಳಿರುತ್ತವೆ. ಒಂದು, ಖಾಲಿ ವಾಹನದ ತೂಕ. ಇನ್ನೊಂದು, ಜನ ಮತ್ತು ಸಾಮಾನು ಸೇರಿದಂತೆ ತಯಾರಕರು ಅನುಮತಿಸಿದ ಗರಿಷ್ಠ ಒಟ್ಟು ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಸಿಗುವುದೇ ವಾಹನ ಹೊರಬಲ್ಲ ಭಾರ. ಖಾಲಿ ತೂಕ ನೋಂದಣಿ ಪತ್ರದಲ್ಲಿರುತ್ತದೆ. ಒಟ್ಟು ತೂಕವನ್ನು ಶೋರೂಂನಲ್ಲಿ ಕೇಳಿ ಬರೆದುಕೊಳ್ಳಬೇಕು.

ಈಗ ನಿಮ್ಮ ಮನೆಯ ಲೆಕ್ಕ ಹಾಕಿ. ಏಳು ಮಂದಿ ವಯಸ್ಕರು, ತಲಾ 65 ಕಿ.ಗ್ರಾಂ. ಎಂದರೆ 455 ಕಿ.ಗ್ರಾಂ. ಮೂರು ದಿನದ ಪ್ರವಾಸದ ಸಾಮಾನು 80 ಕಿ.ಗ್ರಾಂ. ಒಟ್ಟು 535 ಕಿ.ಗ್ರಾಂ. ಬರುವಾಗ ಊರಿನಿಂದ ತೆಂಗಿನಕಾಯಿ, ಅಕ್ಕಿ ಮೂಟೆ ಸೇರಿದರೆ 600 ದಾಟುತ್ತದೆ. ನೀವು ನೋಡುತ್ತಿರುವ ಏಳು ಸೀಟಿನ ವಾಹನ ಇಷ್ಟನ್ನು ಹೊರಲು ತಯಾರಾಗಿದೆಯೇ? ಮೂರನೆಯ ಸಾಲಿನಲ್ಲಿ ಜನ ಕುಳಿತ ಮೇಲೆ ಹಿಂದೆ ಸಾಮಾನಿಗೆ ಜಾಗ ಉಳಿಯುತ್ತದೆಯೇ? ಜಾಗವಿಲ್ಲದೆ ಎಲ್ಲವನ್ನೂ ಮೇಲಿನ ಕ್ಯಾರಿಯರ್‌ಗೆ ಏರಿಸಿದರೆ ಗಾಡಿಯ ಗುರುತ್ವ ಕೇಂದ್ರ ಮೇಲೇರಿ, ತಿರುವುಗಳಲ್ಲಿ ವಾಲುವ ಅಪಾಯ ಹೆಚ್ಚುತ್ತದೆ. ಹೆಚ್ಚಿನ ಭಾರದಿಂದ ಬ್ರೇಕ್ ಹಿಡಿದ ಮೇಲೆ ವಾಹನ ನಿಲ್ಲುವ ದೂರವೂ ಹೆಚ್ಚುತ್ತದೆ, ಟೈರ್ ಬಿಸಿಯಾಗಿ ಸಿಡಿಯುವ ಸಂಭವವೂ ಇರುತ್ತದೆ.

ಘಟ್ಟ ಹತ್ತುವಾಗ

ಹಳೆಯ ಸುಮೋ, ಕ್ವಾಲಿಸ್‌ಗಳು ಲಾರಿಯಂತೆ ಪ್ರತ್ಯೇಕ ಚಾಸಿಯ ಮೇಲೆ ನಿಂತ, ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಕೊಡುವ ಗಾಡಿಗಳು. ಶಿರಾಡಿಯನ್ನೋ ಆಗುಂಬೆಯನ್ನೋ ತುಂಬಿದ ಗಾಡಿಯಲ್ಲಿ ಹತ್ತುವಾಗ ತೂಕ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಚಕ್ರದ ಹಿಡಿತ ಇದರಿಂದ ಹೆಚ್ಚುತ್ತದೆ. ಮುಂದಿನ ಚಕ್ರಕ್ಕೆ ಬಲ ಕೊಡುವ ವಾಹನದಲ್ಲಿ ಇದೇ ಕಾರಣದಿಂದ ಹಿಡಿತ ಸ್ವಲ್ಪ ತಗ್ಗುತ್ತದೆ. 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾ ಹಳೆಯ ವಿನ್ಯಾಸವನ್ನೇ ಉಳಿಸಿಕೊಂಡರೆ, 2022ರ ಇನ್ನೋವಾ ಹೈಕ್ರಾಸ್ ಚಾಸಿಯನ್ನೂ ಡೀಸೆಲ್ಲನ್ನೂ ಕೈಬಿಟ್ಟು ಮುಂದಿನ ಚಕ್ರದ ಪೆಟ್ರೋಲ್ ಹಾಗೂ ಹೈಬ್ರಿಡ್ ಆಗಿ ಬಂದಿತು. ಹೆಸರು ಒಂದೇ ಆದರೂ ಗುಣ ಬೇರೆ. ನಗರ ಮತ್ತು ಹೆದ್ದಾರಿಯ ಓಡಾಟವೇ ಹೆಚ್ಚಿದ್ದರೆ ಹೈಬ್ರಿಡ್‌ನ ನಯ ಮತ್ತು ಮಿತವ್ಯಯ ಲಾಭಕರ. ತೋಟದ ಕಚ್ಚಾ ದಾರಿ, ಕಡಿದಾದ ಏರು ನಿತ್ಯದ ಮಾತಾದರೆ ಚಾಸಿಯ ಗಾಡಿಯೇ ಮೇಲು.

ಡೀಸೆಲ್ ಬಯಸುವವರು ಇನ್ನೊಂದು ವಿಷಯ ತಿಳಿದಿರಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಸೋಸಕವಿದೆ. ಇದು ಸ್ವಚ್ಛವಾಗಲು ಆಗಾಗ ಹೆದ್ದಾರಿಯ ಓಟ ಬೇಕು. ದಿನವೂ ಮೂರು ನಾಲ್ಕು ಕಿ.ಮೀ. ದೂರದ ಶಾಲೆಗೆ ಮಕ್ಕಳನ್ನು ಬಿಟ್ಟು ಬರುವುದಕ್ಕಷ್ಟೇ ಬಳಸಿದರೆ ಸೋಸಕ ಕಟ್ಟಿಕೊಳ್ಳುತ್ತದೆ. ಏಳು ಸೀಟಿನ ವಿದ್ಯುತ್ ವಾಹನಗಳೂ ಬಂದಿವೆ. 2025ರಲ್ಲಿ ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ ಮತ್ತು ಮಹೀಂದ್ರಾ ಎಕ್ಸ್‌ಇವಿ 9ಎಸ್ ಬಿಡುಗಡೆಯಾದವು. ತುಂಬಿದ ಗಾಡಿ, ಹೆದ್ದಾರಿಯ ವೇಗ, ಘಟ್ಟದ ಏರು ಮೂರೂ ಸೇರಿದಾಗ ಕಂಪೆನಿ ಹೇಳುವಷ್ಟು ದೂರ ಓಡುವುದಿಲ್ಲ ಎಂಬುದನ್ನು ಗಮನದಲ್ಲಿಟ್ಟು ಚಾರ್ಜಿಂಗ್ ಯೋಜಿಸಬೇಕು.

ಟ್ರೇಲರ್ ಎಳೆಯುವವರಿಗೆ

ತೋಟ, ಡೇರಿ ಇರುವ ಮನೆಗಳಲ್ಲಿ ಹಳೆಯ ಗಾಡಿಗೆ ಸಣ್ಣ ಟ್ರೇಲರ್ ಕಟ್ಟಿ ಗೊಬ್ಬರ, ಮೇವು ಸಾಗಿಸುವುದುಂಟು. ಹೊಸ ಗಾಡಿಯೂ ಇದನ್ನು ಮಾಡುತ್ತದೆ ಎಂದು ಭಾವಿಸಬಾರದು. ಅಮೆರಿಕದಲ್ಲಿ ದೊಡ್ಡ ವಾಹನ ಕೊಳ್ಳುವವರು ಮೊದಲು ಕೇಳುವುದೇ ಎಳೆಯುವ ಸಾಮರ್ಥ್ಯವನ್ನು. ತಯಾರಕರು ಅದನ್ನು ಪ್ರಕಟಿಸುತ್ತಾರೆ. ನಮ್ಮಲ್ಲಿ ಕೆಲವು ಕುಟುಂಬ ವಾಹನಗಳ ಕೈಪಿಡಿಗಳು ಟ್ರೇಲರ್ ಎಳೆಯಬಾರದೆಂದೇ ಹೇಳುತ್ತವೆ. ಬಂಪರ್ ಬಳಿಯ ಕೊಂಡಿ ಇರುವುದು ಕೆಟ್ಟು ನಿಂತ ಗಾಡಿಯನ್ನು ಎಳೆಸಿಕೊಳ್ಳಲು, ಟ್ರೇಲರ್ ಕಟ್ಟಲು ಅಲ್ಲ.

ಎಳೆಯಲು ಅನುಮತಿಯಿರುವ ವಾಹನವಾದರೂ ಟ್ರೇಲರ್ ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕೆಂಬುದು ಸಾಮಾನ್ಯ ಸೂತ್ರ. ಇದಕ್ಕಿಂತ ಕಡಿಮೆಯಾದರೆ ಟ್ರೇಲರ್ ಅತ್ತಿತ್ತ ತೂಗಾಡುತ್ತದೆ. ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಸ್ಟೇರಿಂಗ್ ಹಗುರಾಗುತ್ತದೆ. 800 ಕಿ.ಗ್ರಾಂ. ಟ್ರೇಲರ್ ಎಂದರೆ ಕೊಂಡಿಯ ಮೇಲೆ 80ರಿಂದ 120 ಕಿ.ಗ್ರಾಂ.; ಇದನ್ನೂ ಗಾಡಿ ಹೊರುವ ಭಾರಕ್ಕೆ ಸೇರಿಸಬೇಕು. ಟ್ರೇಲರ್‌ಗೂ ನೋಂದಣಿ ಅಗತ್ಯ. ಸಾಗಣೆ ಆಗೊಮ್ಮೆ ಈಗೊಮ್ಮೆ ಮಾತ್ರವಾದರೆ ಬಾಡಿಗೆ ಪಿಕಪ್ ಕರೆಸುವುದೇ ಜಾಣತನ.

ತೆರಿಗೆ, ಗುಜರಿ, ವರ್ಗಾವಣೆ

ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ ಸೇರಿ ಶೇ 50ರವರೆಗೆ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಇಳಿಯಿತು. ರಾಜ್ಯದ ಜೀವಾವಧಿ ತೆರಿಗೆ ಇದಕ್ಕೆ ಹೊರತಾದುದು. ಆದ್ದರಿಂದ ಎಕ್ಸ್-ಶೋರೂಂ ಬೆಲೆಯನ್ನಲ್ಲ, ರಸ್ತೆಗಿಳಿಯುವ ಬೆಲೆಯನ್ನು ಕೇಳಬೇಕು. 2021ರ ಗುಜರಿ ನೀತಿಯಂತೆ ಮಾನ್ಯತೆ ಪಡೆದ ಕೇಂದ್ರಕ್ಕೆ ಹಳೆಯ ವಾಹನ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆದವರಿಗೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ನೀಡಲು ರಾಜ್ಯಗಳಿಗೆ ಅವಕಾಶವಿದೆ. ನಿಮಗೆಷ್ಟು ಸಿಗುತ್ತದೆ ಎಂಬುದನ್ನು ಗಾಡಿ ಒಪ್ಪಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ಮಾರುವುದಾದರೆ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಹೆಸರು ಬದಲಾದದ್ದನ್ನು ಖಚಿತಪಡಿಸಿಕೊಳ್ಳುವವರೆಗೆ ಗಾಡಿ ಕಾನೂನಿನ ಕಣ್ಣಿನಲ್ಲಿ ನಿಮ್ಮದೇ.

ಕೊಳ್ಳುವ ಮೊದಲು

ಕಳೆದ ವರ್ಷದ ಕ್ಯಾಲೆಂಡರ್ ತೆಗೆದು, ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಪ್ರಯಾಣಿಸಿದ ದಿನಗಳನ್ನು ಗುರುತು ಹಾಕಿ. ಅದು ಹತ್ತು ಹದಿನೈದು ದಿನವಷ್ಟೇ ಆದರೆ, ಐದು ಸೀಟಿನ ಸುರಕ್ಷಿತ ಕಾರು ಕೊಂಡು, ಆ ದಿನಗಳಿಗೆ ಹಳದಿ ಫಲಕದ ಟೆಂಪೊ ಟ್ರಾವೆಲರ್ ಬಾಡಿಗೆಗೆ ಪಡೆಯುವುದು ಅಗ್ಗ. ವಾರವಾರವೂ ತುಂಬಿದ ಗಾಡಿಯೇ ಓಡುತ್ತಿದ್ದರೆ ದೊಡ್ಡದನ್ನೇ ಕೊಳ್ಳಿ. ಆದರೆ ಮನೆಮಂದಿಯನ್ನೆಲ್ಲ ಶೋರೂಂಗೆ ಕರೆದೊಯ್ದು, ಹಿರಿಯರಿಗೆ ಹತ್ತಿಳಿಯಲು ಆಗುತ್ತದೆಯೇ, ಕೊನೆಯ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಮುಂದಕ್ಕೆ ಮುಖ ಮಾಡಿದ ಸೀಟು, ಭುಜಕ್ಕೆ ಬರುವ ಬೆಲ್ಟ್ ಇದೆಯೇ ಎಂದು ಕೂರಿಸಿಯೇ ನೋಡಿ. ಬೆಲ್ಟ್ ಎಷ್ಟಿವೆಯೋ ಅಷ್ಟೇ ಜನರ ಗಾಡಿ ಅದು ಎಂದು ತಿಳಿಯುವುದು ಕ್ಷೇಮ.