ಬಂದೇನವಾಜರ ಊರಿಂದ ಗರೀಬನವಾಜರ ಊರಿಗೆ

ನಮ್ಮ ತಂದೆಯವರು ತೀರಿಕೊಂಡು ಹನ್ನೊಂದು ವರ್ಷಗಳಾದುವು. ಅವರದೊಂದು ಹರಕೆ ಬಾಕಿ ಉಳಿದಿತ್ತು. ಅಕ್ಕ ನಾಲ್ಕು ವರ್ಷದ ಕೂಸಾಗಿದ್ದಾಗ ವಿಷಮಜ್ವರ ಬಂದು ಮೂರು ವಾರ ಇಳಿಯಲೇ ಇಲ್ಲವಂತೆ. ಆಗ ತಂದೆಯವರು ಕಲಬುರ್ಗಿಯ ಬಂದೇನವಾಜರ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿ, ಕೂಸು ಉಳಿದರೆ ಅಜ್ಮೀರಕ್ಕೂ ಬಂದು ಹೋಗುತ್ತೇನೆಂದು ಬೇಡಿಕೊಂಡರು. ಅಕ್ಕ ಉಳಿದಳು, ಈಗ ಆಕೆಗೆ ಮೊಮ್ಮಕ್ಕಳಿದ್ದಾರೆ. ತಂದೆಯವರ ಅಜ್ಮೀರ ಮಾತ್ರ ಸಂಸಾರದ ತಾಪತ್ರಯದಲ್ಲಿ ವರ್ಷದಿಂದ ವರ್ಷಕ್ಕೆ ಮುಂದೆ ಸರಿಯುತ್ತ ಹೋಗಿ ಕೊನೆಗೆ ಹಾಗೆಯೇ ಉಳಿಯಿತು.

ಎಂಬತ್ತು ದಾಟಿದ ಅವ್ವ ಈ ಮಾತನ್ನು ಮತ್ತೆ ಎತ್ತಿದಾಗ ಅಣ್ಣನಿಗೆ ಅಷ್ಟು ಸರಿಬರಲಿಲ್ಲ. "ಪುಷ್ಕರದಾಗ ಅಪ್ಪಗ ತರ್ಪಣ ಬಿಟ್ಟು ಬರ್ರಿ, ಸಾಕು. ದರ್ಗಾದ್ದು ನಮಗ್ಯಾಕ?" ಎಂದ. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಸಾಲ ಒಬ್ಬರದು, ತೀರಿಸೋದು ಇನ್ನೊಬ್ಬರಿಗೇನು?" ಎಂದಳು. ಅಣ್ಣ ಮತ್ತೆ ಮಾತನಾಡಲಿಲ್ಲ. ಆದರೆ ನಮ್ಮೊಡನೆ ಬರಲೂ ಇಲ್ಲ. ಹೀಗೆ ಮಾರ್ಗಶಿರದ ಚಳಿಯಲ್ಲಿ ಅವ್ವ, ನನ್ನ ಹೆಂಡತಿ ಮತ್ತು ನಾನು ಮುಂಬಯಿಯಿಂದ ಹೊರಟೆವು.

ಕರ್ನಾಟಕದಿಂದ ಹೋಗುವವರಿಗೆ ಅಜ್ಮೀರ ಈಗ ದೂರದ ಮಾತಲ್ಲ. ಮೈಸೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆಗಳ ಮೇಲೆ ಹಾಯ್ದು ಅಜ್ಮೀರಕ್ಕೇ ಹೋಗುವ ರೈಲಿದೆ. ಬೆಂಗಳೂರಿನಿಂದ ಹೋಗುವ ಗಾಡಿಗಂತೂ ಗರೀಬನವಾಜ ಎಕ್ಸ್‌ಪ್ರೆಸ್ ಎಂದು ಖ್ವಾಜಾ ಸಾಹೇಬರ ಹೆಸರನ್ನೇ ಇಟ್ಟಿದ್ದಾರೆ. ರಜಬ್ ತಿಂಗಳ ಮೊದಲ ಆರು ದಿನ ಉರುಸು. ಆಗ ಲಕ್ಷಗಟ್ಟಲೆ ಜನ ಸೇರುತ್ತಾರೆ. ವಯಸ್ಸಾದವರನ್ನು ಕರೆದೊಯ್ಯುವವರು ಆ ದಿನಗಳನ್ನು ಬಿಟ್ಟು ಚಳಿಗಾಲದ ಬೇರೆ ದಿನ ನೋಡಿಕೊಳ್ಳುವುದು ಲೇಸು.

ಅರಾವಳಿಯ ಬೆಟ್ಟಗಳು ಸುತ್ತುವರಿದ ಬೋಗುಣಿಯಂತಹ ಊರು ಅಜ್ಮೀರ. ಚೌಹಾಣ ಅರಸ ಅಜಯರಾಜನ ಹೆಸರಿನಿಂದ ಅಜಯಮೇರು ಎನಿಸಿಕೊಂಡಿತು. ಅವನ ಮಗ ಅರ್ಣೋರಾಜ ಕಟ್ಟಿಸಿದ ಕೆರೆಯೇ ಆನಾಸಾಗರ; ಅದರ ದಂಡೆಯ ಅಮೃತಶಿಲೆಯ ಮಂಟಪಗಳು ಷಾಜಹಾನನವು. 1616ರಲ್ಲಿ ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ಜಹಾಂಗೀರನ ದರ್ಶನ ಪಡೆದದ್ದೂ ಈ ಊರಿನಲ್ಲಿಯೇ. ನಮ್ಮವರಿಗೆ ನೆನಪಿಟ್ಟುಕೊಳ್ಳಲು ಸುಲಭವಾದ ಇನ್ನೊಂದು ಸಂಗತಿಯಿದೆ: ಬೇರೆಯೇ ಪ್ರಾಂತವಾಗಿದ್ದ ಅಜ್ಮೀರವು ರಾಜಸ್ಥಾನವನ್ನು ಸೇರಿದ್ದು 1956ರ ನವೆಂಬರ್ 1ರಂದು. ನಿಜಾಮರ ಕಡೆಯಿದ್ದ ಕಲಬುರ್ಗಿ ಮೈಸೂರು ರಾಜ್ಯದೊಡನೆ ಒಂದಾದದ್ದೂ ಅದೇ ದಿನ.

ಖ್ವಾಜಾ ಮುಈನುದ್ದೀನ್ ಚಿಸ್ತಿಯವರು ಇಲ್ಲಿಗೆ ಬಂದದ್ದು ಹನ್ನೆರಡನೆಯ ಶತಮಾನದ ಕೊನೆಗೆ, ಕಾಲವಾದದ್ದು 1236ರಲ್ಲಿ. ಚಿಸ್ತ್ ಎಂಬುದು ಆಫಘಾನಿಸ್ತಾನದ ಹೇರಾತಿನ ಕಡೆಯ ಒಂದು ಊರು. ಪಂಥಕ್ಕೆ ಅದರ ಹೆಸರೇ ಬಂತು. ಖ್ವಾಜಾರ ಶಿಷ್ಯ ದಿಲ್ಲಿಯ ಕುತುಬುದ್ದೀನ್ ಬಖ್ತಿಯಾರ್ ಕಾಕಿ, ಅವರ ಶಿಷ್ಯ ಬಾಬಾ ಫರೀದ್, ಅವರ ಶಿಷ್ಯ ನಿಜಾಮುದ್ದೀನ್ ಔಲಿಯಾ, ಅವರ ಶಿಷ್ಯ ನಸೀರುದ್ದೀನ್ ಚಿರಾಗ್-ಎ-ದಿಲ್ಲಿ, ಅವರ ಶಿಷ್ಯರೇ ನಮ್ಮ ಬಂದೇನವಾಜರು. 1400ರ ಸುಮಾರಿಗೆ, ಮುಪ್ಪಿನಲ್ಲಿ ಕಲಬುರ್ಗಿಗೆ ಬಂದು 1422ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ರೈಲಿನಲ್ಲಿ ಈ ಗುರುಪರಂಪರೆಯನ್ನು ಅವ್ವನಿಗೆ ಬೆರಳು ಮಡಿಚಿ ಎಣಿಸಿ ಹೇಳಿದೆ. "ಹಂಗಾದ್ರ ಇವರು ನಮ್ಮ ಬಂದೇನವಾಜರಿಗೆ ಮುತ್ತ್ಯಾನ ಮುತ್ತ್ಯಾ ಆದ್ರು" ಎಂದು ಅವಳು ತನ್ನ ಲೆಕ್ಕಕ್ಕೆ ಇಳಿಸಿಕೊಂಡಳು.

ದರ್ಗಾ ಬಜಾರಿನ ತುಂಬ ಗುಲಾಬಿ, ಅತ್ತರು, ಸೋಹನ್ ಹಲ್ವೆಗಳ ವಾಸನೆ. ಜೊತೆಗೆ ಕಡೀಕಚೋರಿಯ ಕಡಾಯಿಗಳು. ಮುಂಬಯಿಯಲ್ಲಿ ತಿನ್ನುವ ಕಚೋರಿಯ ಮೇಲೆ ಬಿಸಿ ಕಡಿ ಸುರಿದು ಕೊಡುತ್ತಾರೆ, ಚಳಿಗೆ ಬಹಳ ಹಿತ. ಚೀಲಗಳನ್ನು ಹೊರಗೇ ಇಡಬೇಕು. 2007ರ ಅಕ್ಟೋಬರಿನಲ್ಲಿ ರಂಜಾನ್ ಉಪವಾಸ ಬಿಡುವ ಹೊತ್ತಿಗೆ ಒಳಗೆ ಬಾಂಬು ಸಿಡಿದು ಪ್ರಾಣಹಾನಿಯಾದ ಮೇಲೆ ತಪಾಸಣೆ ಬಿಗಿಯಾಗಿದೆ. ಗಂಡಸರು ತಲೆಗೆ ಟೊಪ್ಪಿಗೆಯೋ ಕರವಸ್ತ್ರವೋ ಕಟ್ಟಿಕೊಳ್ಳಬೇಕು. ಹೆಂಗಸರು ಸೆರಗು ಹೊದೆಯಬೇಕು. ಅವ್ವನಿಗೆ ಇದು ಹೊಸದಲ್ಲ.

ಮೊದಲ ಬಾಗಿಲನ್ನು ಕಟ್ಟಿಸಿದವನು ಹೈದರಾಬಾದಿನ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಅವನ ರಾಜ್ಯದಲ್ಲೇ ಹುಟ್ಟಿದ ಅವ್ವ ಒಂದು ಗಳಿಗೆ ನಿಂತು ಮೇಲೆ ನೋಡಿ, "ಇಷ್ಟ್ ದೂರ ಬಂದ್ರೂ ಇವ ಬಿಡಲಿಲ್ಲ ನೋಡು" ಎಂದು ನಕ್ಕಳು. ಒಳಗೆ ಬುಲಂದ್ ದರವಾಜದ ಎರಡೂ ಮಗ್ಗುಲಿಗೆ ಆ ಪ್ರಸಿದ್ಧವಾದ ಹಂಡೆಗಳು. ಇವಕ್ಕೆ ದೇಗ್ ಎನ್ನುತ್ತಾರೆ. ದೊಡ್ಡದು ಅಕ್ಬರನದು, ಚಿಕ್ಕದು ಜಹಾಂಗೀರನದು. ದೊಡ್ಡದರಲ್ಲಿ ನೂರು ಮಣಕ್ಕೂ ಹೆಚ್ಚು ಬೇಯುತ್ತದೆ. ಅಕ್ಕಿ, ತುಪ್ಪ, ಸಕ್ಕರೆ, ಒಣಹಣ್ಣುಗಳ ಸಿಹಿ ಅನ್ನ. ಮಾಂಸ ಹಾಕುವ ಪದ್ಧತಿಯೇ ಇಲ್ಲವಾದ್ದರಿಂದ ಯಾವ ಜಾತಿಯವರೂ ಸಂಕೋಚವಿಲ್ಲದೆ ಪ್ರಸಾದ ತೆಗೆದುಕೊಳ್ಳಬಹುದು. ಅವ್ವ ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಮೆಟ್ಟಿಲು ಹತ್ತಿ, ಸೆರಗಿನ ಗಂಟಿನಲ್ಲಿ ಕಲಬುರ್ಗಿಯಿಂದ ತರಿಸಿದ್ದ ಒಂದು ಹಿಡಿ ಅಕ್ಕಿಯನ್ನೂ ಹನ್ನೊಂದು ರೂಪಾಯಿಯನ್ನೂ ಹಂಡೆಗೆ ಹಾಕಿದಳು.

ಅಕ್ಬರ್ ಬಾದಶಹನೂ ಇಲ್ಲಿಗೆ ಬಂದದ್ದು ಮಗುವಿನ ಹರಕೆಗಾಗಿಯೇ. 1569ರಲ್ಲಿ ಸಲೀಮ ಹುಟ್ಟಿದ ಮೇಲೆ, ಮರುವರ್ಷ ಆಗ್ರಾದಿಂದ ಕಾಲ್ನಡಿಗೆಯಲ್ಲಿ ನಡೆದು ಬಂದ. ಅಂಗಳದಲ್ಲಿ ಇನ್ನೊಂದು ಗೋರಿಯಿದೆ: ಚೌಸಾದ ಯುದ್ಧದಲ್ಲಿ (1539) ಸೋತು ಗಂಗೆಯಲ್ಲಿ ಮುಳುಗುತ್ತಿದ್ದ ಹುಮಾಯೂನನನ್ನು ತನ್ನ ತೊಗಲಚೀಲದ ಮೇಲೆ ತೇಲಿಸಿ ದಡ ಸೇರಿಸಿದ ನೀರು ಹೊರುವವನದು. ಅದಕ್ಕೆ ಪ್ರತಿಯಾಗಿ ಅವನನ್ನು ಸ್ವಲ್ಪಕಾಲ ಸಿಂಹಾಸನದ ಮೇಲೆ ಕೂಡಿಸಿದರಂತೆ. ಷಾಜಹಾನನ ಬಿಳಿಯ ಮಸೀದಿ ಎಷ್ಟು ಚೆಲುವಾಗಿದ್ದರೂ ನನ್ನ ಮನಸ್ಸಿನಲ್ಲಿ ನಿಂತದ್ದು ಈ ನೀರಿನವನ ಗೋರಿಯೇ.

ಗುಮ್ಮಟದ ಒಳಗೆ ಹೋಗುವುದು ಕಷ್ಟವಾಯಿತು. ಶುಕ್ರವಾರದ ಗರ್ದಿ, ಅವ್ವನ ಮೊಣಕಾಲು ಕೈಕೊಟ್ಟಿತು. ಷಾಜಹಾನನ ಮಗಳು ಜಹಾನಾರಾ ಕಟ್ಟಿಸಿದ ಬೇಗಮೀ ದಾಲಾನಿನಲ್ಲಿ ಒಂದು ಕಂಬಕ್ಕೆ ಒರಗಿ ಕುಳಿತುಬಿಟ್ಟಳು. ಖ್ವಾಜಾರ ಚರಿತ್ರೆಯನ್ನೇ ಬರೆದ ರಾಜಪುತ್ರಿ ಆಕೆ. ಇಲ್ಲಿಂದಲೇ ಕೈಮುಗಿದು ಹೋಗೋಣ ಎಂದು ನಾನು ಹೇಳುತ್ತಿರುವಾಗ ಒಬ್ಬ ವೃದ್ಧ ಖಾದಿಮರು ಯಾವ ಊರೆಂದು ವಿಚಾರಿಸಿದರು. ಮುಂಬಯಿ ಎಂದು ನಾನೆಂದೆ. ಅವ್ವ ತಡೆದು, "ಗುಲಬರ್ಗಾ" ಎಂದಳು.

ಅವರ ಮುಖವೇ ಬೇರೆಯಾಯಿತು. "ಗುಲಬರ್ಗಾ ಶರೀಫ್!" ಎಂದು ಎದೆಯ ಮೇಲೆ ಕೈಯಿಟ್ಟರು. ಜನರಿಗೆ ದಾರಿ ಬಿಡಹೇಳಿ, ನಾನೊಂದು ತೋಳು, ನನ್ನ ಹೆಂಡತಿ ಒಂದು ತೋಳು ಹಿಡಿದಂತೆ ಅವ್ವನನ್ನು ಒಳಗೆ ನಡೆಸಿದರು. ಬೆಳ್ಳಿಯ ಕಟಾಂಜನದ ಬಳಿ, ಅಲ್ಲಿಯ ಪದ್ಧತಿಯಂತೆ, ಹೊದಿಸಿದ ಚಾದರದ ಅಂಚನ್ನು ಅವ್ವನ ತಲೆಯ ಮೇಲೆ ಎಳೆದು ಪ್ರಾರ್ಥನೆ ಹೇಳಿದರು. ಏನು ಬೇಡುವಿರೆಂದು ಕೇಳಿದರು. ಅವ್ವ ಕನ್ನಡದಲ್ಲಿಯೇ, "ನಮ್ಮನಿಯವರು ಬರಬೇಕಾಗಿತ್ತು, ಬರೋದಾಗಲಿಲ್ಲ. ನಾ ಬಂದೀನಿ. ಕೂಸು ಚಲೋ ಅದ" ಎಂದಳು. ಅವರಿಗೆ ಒಂದಕ್ಷರವೂ ತಿಳಿದಿರಲಾರದು, "ಆಮೀನ್" ಎಂದರು.

ಹೊರಗೆ ಬಂದು ತಮ್ಮ ವಹಿಯನ್ನು ತೆರೆದರು. ನಮ್ಮ ತೀರ್ಥಕ್ಷೇತ್ರಗಳ ಪಂಡರಂತೆ ಇಲ್ಲಿಯ ಖಾದಿಮರೂ ಬಂದವರ ಊರು ಹೆಸರು ಬರೆದಿಡುತ್ತಾರೆ. ಅವ್ವ ತನ್ನ ಹೆಸರು ಬೇಡವೆಂದು ತಂದೆಯವರ ಹೆಸರನ್ನು ಬರೆಯಿಸಿದಳು. ಸಂಜೆ ದೀಪ ತರುವ ಹೊತ್ತಾಗಿತ್ತು. ನಗಾರಿ ಬಾರಿಸಿ, ಮೇಣದ ಬತ್ತಿಗಳನ್ನು ತಲೆಯ ಮೇಲೆ ಹೊತ್ತು ತರುವ ಆ ರೋಶ್ನಿಯನ್ನು ನೋಡಿಯೇ ಎದ್ದೆವು.

ಮರುದಿನ ನಾನೊಬ್ಬನೇ ಅಢಾಯೀ ದಿನ್ ಕಾ ಝೋಂಪಡಾ ನೋಡಿ ಬಂದೆ. ದರ್ಗಾದಿಂದ ನಡೆದೇ ಹೋಗಬಹುದು. ಚೌಹಾಣ ಅರಸ ನಾಲ್ಕನೆಯ ವಿಗ್ರಹರಾಜ ಸ್ಥಾಪಿಸಿದ ಸಂಸ್ಕೃತ ಪಾಠಶಾಲೆ ಅಲ್ಲಿತ್ತು. 1192ರ ನಂತರ ಅದು ಮಸೀದಿಯಾಯಿತು. ಆ ಅರಸನೇ ಬರೆದ ಹರಕೇಲಿ ನಾಟಕವನ್ನು ಕೊರೆದ ಶಿಲೆಗಳು ಅಲ್ಲಿ ದೊರೆತಿವೆ. ಹಳೆಯ ಗುಡಿಗಳ ಕೆತ್ತನೆಯ ಕಂಬಗಳನ್ನು ಒಂದರ ಮೇಲೊಂದು ನಿಲ್ಲಿಸಿದ್ದಾರೆ. ಅವುಗಳ ಮುಂದೆ ಇಲ್ತಮಶನ ಕಮಾನುಗಳ ಗೋಡೆ. ಕಂಬ ನೋಡಿದರೆ ನೋವು, ಕಮಾನು ನೋಡಿದರೆ ಬೆರಗು. ಎರಡರಲ್ಲಿ ಒಂದನ್ನು ಅಳಿಸಿ ಹೇಳಿದರೆ ಅಜ್ಮೀರದ ಕಥೆ ಹೇಳಿದಂತಾಗುವುದಿಲ್ಲ.

ಪುಷ್ಕರಕ್ಕೆ ನಾಗಪಹಾಡದ ತಿರುವುಗಳನ್ನು ದಾಟಿ ಅರ್ಧ ತಾಸಿನ ದಾರಿ. ಸರೋವರಕ್ಕೆ 52 ಘಾಟುಗಳು. ತರ್ಪಣ ಬಿಟ್ಟೆ. ದಕ್ಷಿಣೆಯನ್ನು ಸಂಕಲ್ಪಕ್ಕೆ ಮೊದಲೇ ಮಾತಾಡಿಕೊಳ್ಳಿರೆಂದು ಓದುಗರಿಗೆ ಹೇಳಿ ಈ ವಿಷಯ ಬಿಡುತ್ತೇನೆ. ಬ್ರಹ್ಮದೇವರ ದರ್ಶನವಾಯಿತು. ಬರುವಾಗ ಹಠಾತ್ತನೆ ದಕ್ಷಿಣದ ಗೋಪುರವೊಂದು ಕಂಡಿತು: ಹೈದರಾಬಾದಿನ ಸೇಟರೊಬ್ಬರು 1823ರಲ್ಲಿ ಕಟ್ಟಿಸಿದ ರಂಗಜೀ ದೇವಸ್ಥಾನ. "ನಮ್ಮ ಕಡಿ ಬಂದಂಗಾತು" ಎಂದು ಅವ್ವ ಅಲ್ಲಿ ಬಹಳ ಹೊತ್ತು ಕುಳಿತಳು.

ಮುಂಬಯಿಗೆ ಮರಳಿದ ನಂತರದ ರವಿವಾರ ಅಣ್ಣ ಬಂದ. ಅವ್ವ ಒಂದು ಬಟ್ಟಲಲ್ಲಿ ಪುಷ್ಕರದ ತೀರ್ಥವನ್ನೂ ಇನ್ನೊಂದರಲ್ಲಿ ದರ್ಗಾದ ಸಕ್ಕರೆಯನ್ನೂ ಅವನ ಮುಂದಿಟ್ಟು ಒಳಗೆ ಹೋದಳು. ಅವನು ತೀರ್ಥ ತೆಗೆದುಕೊಂಡ. ಸ್ವಲ್ಪ ಹೊತ್ತು ಪತ್ರಿಕೆ ಓದಿದ. ಆಮೇಲೆ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಅಕ್ಕನಿಗೆಂದು ಕಾಗದದಲ್ಲಿ ಪೊಟ್ಟಣ ಕಟ್ಟಿದ.